ಈಳಿಗೆ ಇಲ್ಲದ ಅಡುಗೆಮನೆ

ನಾನು ಬೆಳೆದ ಮನೆಯ ಅಡುಗೆಮನೆಯಲ್ಲಿ ಈಳಿಗೆ ಇರಲಿಲ್ಲ. ಚಾಕೂ ಇರಲಿಲ್ಲ. ಕುಡುಗೋಲು, ಕೊಡಲಿ ಎಲ್ಲ ಹೊಲದ ಗುಡಿಸಲಿನಲ್ಲೇ ಇರುತ್ತಿದ್ದವು, ಅಪ್ಪ ಅವನ್ನು ಊರೊಳಗೆ ತರುತ್ತಿರಲಿಲ್ಲ. ಅವ್ವ ಬದನೆಕಾಯಿಯನ್ನು ಕೆಂಡದಲ್ಲಿ ಸುಟ್ಟು ಕಿವುಚುತ್ತಿದ್ದಳು, ಈರುಳ್ಳಿಯನ್ನು ಗುಂಡುಕಲ್ಲಿನಿಂದ ಜಜ್ಜುತ್ತಿದ್ದಳು, ಪುಂಡಿಸೊಪ್ಪನ್ನು ಉಗುರಿನಲ್ಲಿ ಚಿವುಟುತ್ತಿದ್ದಳು. ಕುಂಬಳಕಾಯಿ ತಂದ ದಿನ ಅದನ್ನು ಅಂಗಳದ ಚಪ್ಪಡಿಯ ಮೇಲೆ ಎತ್ತಿ ಹಾಕುವುದು ನನ್ನ ಕೆಲಸ. ಸಿಡಿದ ಹೋಳುಗಳನ್ನು ಆಡಿನ ಮರಿ ಬಾಯಿ ಹಾಕುವುದರೊಳಗೆ ಆರಿಸಿ ತರಬೇಕಿತ್ತು. ಪಲ್ಯ ಮಾಡುವುದನ್ನು ನಾನು ಕಲಿತದ್ದೇ ಹೀಗೆ. ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಬಂದ ಹೊಸತರಲ್ಲಿ ಅತ್ತೆ ನನ್ನ ಮುಂದೆ ಈಳಿಗೆಮಣೆ ಇಟ್ಟು ಒಂದು ಬುಟ್ಟಿ ಬೆಂಡೆಕಾಯಿ ಸುರಿದರು. ನಾನು ಒಂದೊಂದನ್ನೇ ಕೈಯಲ್ಲಿ ಮುರಿಯತೊಡಗಿದೆ.

"ಏನವಾ, ನಿಮ್ಮೂರಾಗ ಬೆಂಡಿಕಾಯಿನ ಹಂಗ ಕುತ್ತಿಗಿ ಮುರಿದು ಕೊಲ್ತಾರೇನು?" ಎಂದರು.

ನಾನು ಇದ್ದದ್ದು ಹೇಳಿದೆ. ನಮ್ಮ ಮನೆಯಲ್ಲಿ ಈಳಿಗೆ ಇಲ್ಲ, ಅವ್ವನಿಗೆ ಆಗಿಬರುವುದಿಲ್ಲ. ಅತ್ತೆ ಎದುರು ಕೂತು ಒಂದು ಬೆಂಡೆಕಾಯಿ ಹೆಚ್ಚಿ ತೋರಿಸಿದರು. ನಮ್ಮವ್ವನ ಸುದ್ದಿ ಅವರ ಕಿವಿಗೂ ಬಿದ್ದಿತ್ತೆಂದು ಆಮೇಲೆ ಗೊತ್ತಾಯಿತು. ಸುದ್ದಿ ತಿಳಿದೂ ನನ್ನನ್ನು ತಂದುಕೊಂಡಿದ್ದರು, ಅದು ಅವರ ದೊಡ್ಡತನ. ಬೆರಳು ಕೊಯ್ದುಕೊಂಡು ಹೆಚ್ಚುವುದನ್ನು ಕಲಿತೆ.

ನಮ್ಮೂರು ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯಿಂದ ಒಳಕ್ಕೆ ನಡೆದು ಹೋಗಬೇಕಾದ ಊರು. ಮಣ್ಣಿನ ಮಾಳಿಗೆ ಮನೆ. ತಲೆಬಾಗಿಲು ದಾಟಿದರೆ ಮೊದಲು ಎತ್ತು, ಎಮ್ಮೆ, ಆಮೇಲೆ ಮನುಷ್ಯರು. ಕಟ್ಟೆ ಹತ್ತಿದರೆ ಪಡಸಾಲೆ, ಅದರ ಹಿಂದೆ ಒಂದು ಕಡೆ ಅಡುಗೆಮನೆ, ಇನ್ನೊಂದು ಕಡೆ ಕತ್ತಲೆ ಕೋಣೆ. ಆ ಕೋಣೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ. ಜೋಳದ ಚೀಲ, ಶೇಂಗಾ ಚೀಲ, ಹೊದ್ದುಕೊಳ್ಳುವ ಕಂಬಳಿ, ಹೆರಿಗೆ, ಬಾಣಂತನ ಎಲ್ಲಕ್ಕೂ ಅದೇ ಕೋಣೆ. ಮನೆಯಲ್ಲಿ ಇದ್ದವರು ಅಪ್ಪ, ಅವ್ವ, ಅಪ್ಪನ ತಾಯಿ ಅಂದರೆ ನಮ್ಮಜ್ಜಿ, ಮತ್ತು ನಾನು. ಅಪ್ಪನ ತಂಗಿಯನ್ನು ಬಾಗಳಿಗೆ ಕೊಟ್ಟಿತ್ತು, ಅವಳಿಗೆ ಮಕ್ಕಳಾಗಿರಲಿಲ್ಲ. ನಾನು ಶಾಲೆಗೆ ಹೋಗುತ್ತಿದ್ದೆ, ಕೂಡಿಸುವ ಲೆಕ್ಕ ಬರುತ್ತಿತ್ತು, ಕಳೆಯುವ ಲೆಕ್ಕ ಆಗಷ್ಟೇ ಶುರುವಾಗಿತ್ತು. ಆಗ ತಮ್ಮ ಕೊಟ್ರೇಶ ಹುಟ್ಟಿದ. ನನ್ನ ಶಾಲೆ ಅಲ್ಲಿಗೆ ನಿಂತಿತು.

ಗಂಡು ಹುಟ್ಟಿದ್ದಕ್ಕೆ ಅಜ್ಜಿ ಸಕ್ಕರೆ ಹಂಚಿದಳು. ಅವ್ವನನ್ನು ಹೊರಸಿನ ಮೇಲೆ ಮಲಗಿಸಿ, ಕೆಳಗೆ ಕೆಂಡದ ಮಡಕೆ ಇಟ್ಟು, ಲೋಬಾನದ ಹೊಗೆ ಹಾಕಿ, ಕೂಸಿನ ತಲೆದಿಂಬಿನ ಕೆಳಗೆ ಒಂದು ಕುಡುಗೋಲು ಇಟ್ಟಳು. ಇದು ನಮ್ಮ ಕಡೆಯ ಪದ್ಧತಿ. ಹಸಿ ಬಾಣಂತಿಗೆ, ಹಸುಗೂಸಿಗೆ ಗಾಳಿ ಸೋಕುತ್ತದೆ, ಗಾಳಿ ಕಬ್ಬಿಣಕ್ಕೆ ಅಂಜುತ್ತದೆ, ಅದಕ್ಕೆ ತಲೆ ಹತ್ತಿರ ಕಬ್ಬಿಣ. ನಾನು ಹುಟ್ಟಿದಾಗ ಅವ್ವನ ತವರಿನಲ್ಲೂ ಇಟ್ಟಿದ್ದರು, ಆಗ ಏನೂ ಆಗಿರಲಿಲ್ಲವಂತೆ. ಈ ಸಲ ಬೆಳಿಗ್ಗೆ ಅಜ್ಜಿ ಕೂಸಿಗೆ ಎರೆಯಲೆಂದು ಎತ್ತಿಕೊಂಡು ದಿಂಬು ಸರಿಸಿದರೆ ಕುಡುಗೋಲು ಇರಲಿಲ್ಲ.

"ಕುಡಗೋಲು ಎಲ್ಲೈತಿ?"

"ನಂಗೊತ್ತಿಲ್ಲ ಅತ್ತಿ."

"ನಿಂಗ ಗೊತ್ತಿಲ್ಲ, ಕೂಸಿಗೆ ಗೊತ್ತಿಲ್ಲ. ಅದಕ್ಕೇನು ಕಾಲು ಬಂದಾವೇನು?"

ಕುಡುಗೋಲು ಹಿತ್ತಲಿನ ಬಣವೆಯಲ್ಲಿ ಸಿಕ್ಕಿತು. ಅಜ್ಜಿ ತೊಳೆದು ತಂದು ಮತ್ತೆ ಇಟ್ಟಳು. ಅದು ಮತ್ತೆ ಹೋಯಿತು, ಈ ಸಲ ಮಾಳಿಗೆಯ ಮೇಲೆ ಸಿಕ್ಕಿತು. ಬಾಣಂತಿ ಹೊರಗೆ ಕಾಲಿಡಬಾರದ ದಿನಗಳಲ್ಲಿ ಅವ್ವ ಏಣಿ ಹತ್ತಿ ಅದನ್ನು ಎಸೆದು ಬಂದಿದ್ದಳು. ಮೂರನೆಯ ಸಲ ಅಜ್ಜಿ ಇಡಲು ಬಂದಾಗ ಅವ್ವ ಹೊರಸಿನಿಂದ ಇಳಿದು ಅವಳ ಕಾಲು ಹಿಡಿದಳು. ನಾನು ಬಾಗಿಲಲ್ಲಿ ನಿಂತು ನೋಡಿದ್ದು ಇದು, ಯಾರೂ ಹೇಳಿದ್ದಲ್ಲ.

"ಅದನ್ನ ಇಡಬ್ಯಾಡ್ರಿ ಅತ್ತಿ. ಕೂಸಿನ ತಲಿ ತಾವ ಇಡಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ಗಾಳಿ ಅಂಜಲಿ ಅಂತ ಇಡೋದು ಇದು. ನೀ ಯಾಕ ಅಂಜತಿ?"

ಅಜ್ಜಿ ಕೇಳಿದ್ದು ಸರಿಯಾದ ಪ್ರಶ್ನೆಯೇ. ಉತ್ತರಕ್ಕೆ ನಿಲ್ಲಲಿಲ್ಲ ಅಷ್ಟೆ. ಪ್ರಶ್ನೆ ಕೇಳುತ್ತಲೇ ಅವಳಿಗೆ ಉತ್ತರ ಹೊಳೆದುಬಿಟ್ಟಿತು. ಕಬ್ಬಿಣ ಕಂಡರೆ ಅಂಜುವುದು ಗಾಳಿ, ನಮ್ಮ ಸೊಸೆ ಕಬ್ಬಿಣ ಕಂಡರೆ ಅಂಜುತ್ತಾಳೆ, ಅಂದಮೇಲೆ ಸೊಸೆಯ ಮೈಯಲ್ಲಿ ಗಾಳಿ ಇದೆ. ಓಣಿಯ ಹೆಂಗಸರೆಲ್ಲ ಹೌದು ಹೌದು ಎಂದರು. ಇದರಲ್ಲಿ ತಪ್ಪು ಹುಡುಕುವುದು ಕಷ್ಟ, ನೀವೇ ಯೋಚಿಸಿ. ನಮ್ಮಜ್ಜಿ ಕೆಟ್ಟವಳಲ್ಲ. ಸೊಸೆಗೆ ಕೊಬ್ಬರಿ, ಬೆಲ್ಲ, ಅಂಟು ಹಾಕಿ ಉಂಡೆ ಕಟ್ಟಿ ಕೈಗೆ ಕೊಡುತ್ತಿದ್ದಳು, ತಾನು ಒಣ ರೊಟ್ಟಿ ತಿನ್ನುತ್ತಿದ್ದಳು. ಗಾಳಿ ಬಿಡಿಸಬೇಕೆಂದು ಇನ್ನಷ್ಟು ಕಬ್ಬಿಣ ತಂದಳು. ಹೊಸ್ತಿಲಿಗೆ ಎತ್ತಿನ ಲಾಳ ಹೊಡೆಸಿದಳು, ಹೊರಸಿನ ಕೆಳಗೆ ನೇಗಿಲ ಕುಳ ಇಟ್ಟಳು, ಅವ್ವನ ಕೈಗೆ ಕಬ್ಬಿಣದ ಬಳೆ ಹಾಕಿಸಿದಳು. ಲಾಳಕ್ಕೆ, ಕುಳಕ್ಕೆ, ಬಳೆಗೆ ಅವ್ವ ಏನೂ ಅನ್ನಲಿಲ್ಲ. ಅವಳು ಅಂಜುತ್ತಿದ್ದುದು ಕೊಯ್ಯುವ ಕಬ್ಬಿಣಕ್ಕೆ ಮಾತ್ರ. ಅದನ್ನು ಅಂದು ಯಾರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ, ನಾನು ಚಿಕ್ಕವಳು. ಯಾವುದೋ ಊರಿನಿಂದ ಗಾಳಿ ಬಿಡಿಸುವವನೊಬ್ಬನನ್ನು ಕರೆಸಿದರು. ಅವನು ಅವ್ವನ ತೊಡೆಯ ಮೇಲೆ ಕುಡುಗೋಲು ಇಟ್ಟು, ಅದರ ಪಕ್ಕ ಕೂಸನ್ನು ಮಲಗಿಸಿ, ಹೆಸರು ಹೇಳು ಎಂದ. ಅವ್ವ ಗಡಗಡ ನಡುಗಿ ಕಣ್ಣು ಮೇಲೆ ಮಾಡಿ ಬಿದ್ದುಬಿಟ್ಟಳು. ಅವನಿಗೆ ಅಷ್ಟೇ ಬೇಕಿತ್ತು. ಉಚ್ಚಂಗೆಮ್ಮನಿಗೆ ಉಡಿ ತುಂಬುತ್ತೇನೆಂದು ಅಜ್ಜಿ ಹರಕೆ ಹೊತ್ತಳು, ಗುಡ್ಡ ಹತ್ತಿ ತುಂಬಿಯೂ ಬಂದಳು. ಅದರಿಂದ ಅಜ್ಜಿಯ ಮನಸ್ಸಿಗೆ ಸಮಾಧಾನವಾಯಿತು.

ಅವ್ವ ಕೂಸನ್ನು ಎತ್ತುತ್ತಿರಲಿಲ್ಲ. ಎರೆಯುತ್ತಿರಲಿಲ್ಲ, ಉಗುರು ತೆಗೆಯುತ್ತಿರಲಿಲ್ಲ, ಕೂಸನ್ನು ಎತ್ತಿಕೊಂಡು ನಾನು ಜೊತೆಗಿದ್ದರೆ ಬಾವಿಯ ಹತ್ತಿರ ಹಾಯದೆ ದೂರದ ದಾರಿ ಹಿಡಿಯುತ್ತಿದ್ದಳು. ಹಾಲು ಕುಡಿಸುವಾಗ ನನ್ನನ್ನು ಕರೆಯುತ್ತಿದ್ದಳು. ನಾನು ಕೊಟ್ರೇಶನನ್ನು ಎತ್ತಿ ಅವಳ ಎದೆಗೆ ಹಿಡಿಯಬೇಕು. ಅವಳು ಎರಡೂ ಕೈಯನ್ನು ಸೆರಗಿನಲ್ಲಿ ಬಿಗಿಯಾಗಿ ಸುತ್ತಿಕೊಂಡು, ತೊಡೆಯ ಕೆಳಗೆ ಹಾಕಿ, ಅದರ ಮೇಲೆ ಕುಳಿತುಕೊಳ್ಳುತ್ತಿದ್ದಳು. ಕೂಸಿನ ಭಾರಕ್ಕೆ ನನ್ನ ಕೈ ಸೋಲುತ್ತಿತ್ತು. ಒಮ್ಮೆ ಸಿಟ್ಟು ಬಂದು ಕೇಳಿದೆ.

"ನಿಂಗೇನು ಕೈ ಇಲ್ಲೇನು? ನೀನ ಹಿಡ್ಕಾ."

"ಈ ಕೈ ನನ್ನ ಮಾತು ಕೇಳಲಿಕ್ಕಿಲ್ಲ ಕಣವ್ವ. ನೀ ಹಿಡಿ. ನೀ ಗಟ್ಟಿ ಅದಿ."

ನಾನು ಅವಳ ಕೈಯನ್ನೇ ನೋಡಿದೆ. ರೊಟ್ಟಿ ಬಡಿದರೆ ಅಂಚು ಒಡೆಯದ ಕೈ. ನನಗೆ ಒಂದು ಏಟನ್ನೂ ಕೊಟ್ಟ ಕೈಯಲ್ಲ, ಅಪ್ಪನ ಕಾಲಿನ ಮುಳ್ಳನ್ನು ನೋವಾಗದ ಹಾಗೆ ತೆಗೆಯುವ ಕೈ. ಮಾತು ಕೇಳದ ಕೈ ಅಂದರೇನೆಂದು ನನಗೆ ತಿಳಿಯಲಿಲ್ಲ. ತಿಳಿದದ್ದು ಇಷ್ಟೇ, ಇವಳಿಗೆ ತಮ್ಮ ಬೇಡ. ಅವನು ಬೇಡವೆಂದ ಮೇಲೆ ನಾಳೆ ನಾನೂ ಬೇಡವಾಗಬಹುದು. ಅದಕ್ಕೆ ಗಟ್ಟಿ ಇರಬೇಕು, ಅಳಬಾರದು, ಕೆಲಸಕ್ಕೆ ಬರುವ ಹಾಗೆ ಇರಬೇಕು ಅಂತ ಮನಸ್ಸಿನಲ್ಲಿ ಮಾಡಿಕೊಂಡೆ. ನನ್ನ ಬಾಯಿ ಒರಟು, ಮನಸ್ಸು ಕಲ್ಲು ಎಂದು ನನ್ನ ಮಕ್ಕಳು ಹೇಳುತ್ತಾರೆ. ಅದು ಆ ಕೋಣೆಯಲ್ಲಿ, ಕೊಟ್ರೇಶನ ಭಾರ ಹೊತ್ತು ನಿಂತಾಗ ಬಂದದ್ದು.

ಕೊನೆಗೆ ಬಾಗಳಿಯಿಂದ ಅಪ್ಪನ ತಂಗಿ, ನಮ್ಮ ಸೋದರತ್ತೆ, ಗಾಡಿ ಕಟ್ಟಿಸಿಕೊಂಡು ಬಂದಳು. ಕೂಸನ್ನು ತಾನು ಸಾಕುತ್ತೇನೆ ಎಂದಳು. ಅಪ್ಪ ಕಟ್ಟೆಯ ಮೇಲೆ ಕೂತು ತಲೆ ಎತ್ತಲಿಲ್ಲ. ಅವ್ವ ಬೇಡ ಅನ್ನುತ್ತಾಳೆಂದು ಎಲ್ಲರೂ ಕಾದರು. ಅವಳು ಕೋಣೆಯ ಬಾಗಿಲಲ್ಲಿ ಕೈ ಸುತ್ತಿಕೊಂಡು ನಿಂತು, ಇಷ್ಟು ಮಾತ್ರ ಹೇಳಿದಳು.

"ಒಯ್ಯಿರಿ. ಅಲ್ಲಿ ಚೊಲೋ ಇರ್ತಾನ. ನನ್ನ ತಾವ ಬ್ಯಾಡ."

ಓಣಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಹೆತ್ತ ಗಂಡುಮಗುವನ್ನು ಒಯ್ಯಿರಿ ಅಂದವಳು. ಗಾಡಿ ಹೋದ ಮೇಲೆ ಅಪ್ಪ ಎದ್ದು ಮನೆಯಲ್ಲಿದ್ದ ಈಳಿಗೆ, ಚಾಕು, ಕುಡುಗೋಲು ಎಲ್ಲವನ್ನೂ ಒಂದು ಗೋಣಿಗೆ ತುಂಬಿದ. ಈಳಿಗೆಯನ್ನು ಪಕ್ಕದ ಮನೆಗೆ ಕೊಟ್ಟ, ಉಳಿದದ್ದನ್ನು ಹೊಲಕ್ಕೆ ಒಯ್ದ. ಅಜ್ಜಿ ಜಗಳ ತೆಗೆದಳು.

"ಲೇ, ಈಳಿಗಿ ಇಲ್ದ ಮನಿ ಒಂದು ಮನಿಯೇನಲೇ? ನಾಳಿ ಕಾಯಿಪಲ್ಯ ಹಲ್ಲಿಲೆ ಕಡಿಬೇಕೇನು?"

"ನಿಂಗ ಹಲ್ಲು ಎಲ್ಯಾವ ಬೇ ಕಡಿಯಾಕ? ಅಕಿಗೆ ಬ್ಯಾಡಾಗೈತಿ, ಬಿಡು ಅತ್ಲಾಗ."

ಅಪ್ಪ ಆ ವಿಷಯದಲ್ಲಿ ಆಡಿದ ಮಾತು ಅಷ್ಟೇ. ಹಾಗೆ ನಮ್ಮದು ಈಳಿಗೆ ಇಲ್ಲದ ಮನೆಯಾಯಿತು. ಕೂಸಿಲ್ಲದ ಮನೆಯಲ್ಲಿ ಈಳಿಗೆ ಇದ್ದರೇನು ಎಂದು ಯಾರಾದರೂ ಕೇಳಬಹುದು. ಅವ್ವನ ಭಯ ಕೂಸಿನ ಜೊತೆ ಬಾಗಳಿಗೆ ಹೋಗಲಿಲ್ಲ, ನನ್ನ ಮೇಲೆ ಬಂತು. ನನ್ನ ತಲೆ ಬಾಚುವುದನ್ನು ಬಿಟ್ಟಳು, ಒಲೆಯ ಮುಂದೆ ನಾನು ಕುಳಿತರೆ ಎದ್ದು ಹೋಗುತ್ತಿದ್ದಳು. ನನ್ನ ಮೊದಲ ಹೆರಿಗೆಗೆ ತವರಿಗೆ ಹೋದಾಗಲೂ ಅಷ್ಟೆ. ಪಕ್ಕದ ಮನೆಯವಳು ಬಂದು ನನ್ನ ಮಗನಿಗೆ ಎರೆದಳು, ಅವ್ವ ಬಚ್ಚಲ ಬಾಗಿಲಾಚೆ ನಿಂತು ನೀರು ಬಿಸಿ ಆಯಿತು, ಎಣ್ಣೆ ಸಾಲದು, ಕಿವಿ ಮುಚ್ಚು ಎಂದು ಹೇಳುತ್ತಿದ್ದಳು. ಒಳಗೆ ಮಾತ್ರ ಬರಲಿಲ್ಲ. ಅವಳು ಸತ್ತಾಗ ನಾನು ಅಳಲಿಲ್ಲ. ಕೊಟ್ರೇಶ ಬಾಗಳಿಯಿಂದ ಬಂದು, ನೆಂಟರ ಹಾಗೆ ದೂರ ನಿಂತು, ಮಣ್ಣು ಹಾಕಿ ಹೋದ. ಅವನು ಅತ್ತೆಯನ್ನೇ ಅವ್ವ ಅನ್ನುತ್ತಿದ್ದ. ಹೆತ್ತವಳಿಗೆ ಏನೂ ಅನ್ನುತ್ತಿರಲಿಲ್ಲ.

ಇಷ್ಟು ಹಳೆಯದು. ಮೊಮ್ಮಗಳು ಪವಿತ್ರ ಹೆರಿಗೆಗೆ ಬರದೇ ಹೋಗಿದ್ದರೆ ನಾನು ಇದನ್ನೆಲ್ಲ ಕೆದಕುತ್ತಿರಲಿಲ್ಲ. ಅವಳು ನನ್ನ ಹಿರಿಮಗನ ಮಗಳು, ಹರಪನಹಳ್ಳಿಗೆ ಕೊಟ್ಟಿದ್ದೇವೆ. ಹೆಣ್ಣು ಕೂಸು ಹೆತ್ತಳು, ಸುಖವಾಗಿ ಹೆತ್ತಳು. ಈಗ ಮನೆಯಲ್ಲಿ ಕುಡುಗೋಲು ಎಲ್ಲಿ ಬರಬೇಕು, ನನ್ನ ಸೊಸೆ ಶಾಂತಾ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಹಿಡಿಕೆಯ ತರಕಾರಿ ಚಾಕುವನ್ನು ಕೂಸಿನ ದಿಂಬಿನ ಕೆಳಗೆ ಇಟ್ಟಳು. ಪದ್ಧತಿ ಬಿಡಬಾರದಲ್ಲ. ಒಂದು ಬೆಳಿಗ್ಗೆ ಚಾಕು ಕಾಣಲಿಲ್ಲ. ಇನ್ನೊಂದು ಬೆಳಿಗ್ಗೆ ಅಡುಗೆಮನೆಯ ಈಳಿಗೆಯೂ ಕಾಣಲಿಲ್ಲ. ಶಾಂತಾ ಪಾತ್ರೆ ತೊಳೆಯುವವಳ ಮೇಲೆ ಕೂಗಾಡುತ್ತಿದ್ದಳು. ಈಳಿಗೆ ವಾಷಿಂಗ್ ಮಿಷಿನ್ನಿನ ಹಿಂದೆ, ಹಳೆ ಸೀರೆಯಲ್ಲಿ ಸುತ್ತಿದ್ದು ನನಗೆ ಸಿಕ್ಕಿತು. ಸೀರೆ ಬಿಚ್ಚುವಾಗಲೇ ನನಗೆ ಬಣವೆಯಲ್ಲಿ ಸಿಕ್ಕ ಕುಡುಗೋಲು ನೆನಪಾಯಿತು. ಅದನ್ನು ಅಲ್ಲೇ ಬಿಟ್ಟು ಪವಿತ್ರಳ ಕೋಣೆಗೆ ಹೋದೆ. ಕೂಸು ಅಳುತ್ತಿತ್ತು. ಅವಳು ಮಂಚದ ತುದಿಯಲ್ಲಿ, ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತಿದ್ದಳು.

ನಾನು ಕೂಸನ್ನು ಎತ್ತಿಕೊಂಡು ಅವಳ ಎದುರು ಕುಳಿತೆ. ಅಜ್ಜಿಯ ಪ್ರಶ್ನೆಯನ್ನೇ ಕೇಳಿದೆ.

"ಯಾಕ ಅಂಜತಿ?"

ಕೇಳಿ ಬಾಯಿ ಮುಚ್ಚಿಕೊಂಡೆ. ಅದು ನನಗೆ ಸುಲಭದ ಕೆಲಸವಲ್ಲ. ಕೂಸು ಅತ್ತು ಸುಮ್ಮನಾಯಿತು, ಹೊರಗೆ ಶಾಂತಾ ಕೂಗಾಡಿ ಸುಮ್ಮನಾದಳು. ಆಮೇಲೆ ಅವಳ ಬಾಯಿಂದ ಬಂತು.

"ಅಜ್ಜಿ, ಚಾಕು ಕಂಡ್ರ ಸಾಕು, ನಾನು ಕೂಸಿಗೆ ಚುಚ್ಚಿಬಿಡ್ತೀನೇನೋ ಅನ್ನಿಸ್ತೈತಿ. ಚುಚ್ಚಿದಂಗ ಕಣ್ಣಿಗೆ ಕಟ್ತೈತಿ. ನಂಗ ಬ್ಯಾಡ ಅಜ್ಜಿ, ನಾ ಬ್ಯಾಡಂದಷ್ಟೂ ಬರ್ತೈತಿ. ನಾ ಇಂಥ ರಾಕ್ಷಸಿ ಅಂತ ನಂಗ ಗೊತ್ತಿರಲಿಲ್ಲ. ಯಾರಿಗೂ ಹೇಳಬ್ಯಾಡ. ಕೂಸಿನ ಒಯ್ದುಬಿಡ್ತಾರ."

"ಯಾರೂ ಒಯ್ಯಂಗಿಲ್ಲ," ಎಂದೆ.

ಹಾಗೆಂದದ್ದು ಅವಸರವಾಯಿತು. ಯಾಕೆಂದರೆ ಅವಳ ಅತ್ತೆ ಆ ವಾರವೇ ಹರಪನಹಳ್ಳಿಯಿಂದ ಬಂದರು. ಸೊಸೆ ಕೂಸನ್ನು ಮುಟ್ಟುವುದಿಲ್ಲ ಎನ್ನುವುದು ಹೇಗೋ ಅವರಿಗೆ ತಲುಪಿತ್ತು. ಸೇಬು, ಬಿಸ್ಕತ್ತು, ಕೂಸಿಗೆ ಉಣ್ಣೆ ಟೋಪಿ ಎಲ್ಲ ತಂದಿದ್ದರು, ಕೆಟ್ಟ ಮನಸ್ಸಿನಿಂದ ಬಂದವರಲ್ಲ. ಚಹಾ ಕುಡಿದು ಲೋಟ ಇಟ್ಟು ಮಾತು ತೆಗೆದರು.

"ಬೀಗರ, ಹುಡುಗಿಗೆ ಆರಾಮಿಲ್ಲ. ಅಕಿ ಸುಧಾರಿಸೋ ಮಟ ಕೂಸು ನಮ್ಮ ಮನ್ಯಾಗ ಇರಲಿ. ನಾ ಸಾಕ್ತೀನಿ. ಯಾರ ಮ್ಯಾಲೂ ತಪ್ಪು ಹಾಕಾಕ ಬಂದಿಲ್ಲ ನಾ."

ಶಾಂತಾ ನನ್ನ ಮುಖ ನೋಡಿದಳು. ನನ್ನ ಮಗ ನೆಲ ನೋಡಿದ, ಥೇಟ್ ನಮ್ಮಪ್ಪನ ಹಾಗೆ. ಕೋಣೆಯ ಬಾಗಿಲಲ್ಲಿ ಪವಿತ್ರ ನಿಂತಿದ್ದಳು. ಅವಳ ಬಾಯಿ ತೆರೆಯುತ್ತಿತ್ತು. ಏನು ಹೇಳುತ್ತಾಳೆಂದು ನನಗೆ ಗೊತ್ತಿತ್ತು, ಆ ಮಾತನ್ನು ನಾನು ಒಮ್ಮೆ ಕೇಳಿದ್ದೇನೆ. ಅವಳಿಗಿಂತ ಮೊದಲು ನಾನು ಬಾಯಿ ಹಾಕಿದೆ.

"ನಮ್ಮ ಮನ್ಯಾಗ ಹಿಂಗ ಒಂದು ಕೂಸು ಕೊಟ್ಟು ನೋಡೀವಿ ಬೀಗರ. ಕೂಸು ತಿರುಗಿ ಬರಲಿಲ್ಲ, ತಾಯಿ ಸುಧಾರಿಸಲಿಲ್ಲ. ಮೊದ್ಲು ಡಾಕ್ಟ್ರ ತಾವ ಹೋಗಾನ. ನೀವೂ ಬರ್ರಿ. ಕೂಸು ತಾಯಿ ತಾವ ಇರಬಾರದು ಅಂತ ಅವರು ಅಂದ್ರ ನಾನ ಎತ್ತಿ ನಿಮ್ಮ ಉಡಿಯಾಗ ಹಾಕ್ತೀನಿ."

ಮಾತು ಕೊಟ್ಟಾಯಿತು. ಡಾಕ್ಟರು ಏನನ್ನುತ್ತಾರೋ ನನಗೇನು ಗೊತ್ತು? ಕಾರಿನಲ್ಲಿ ದಾವಣಗೆರೆಗೆ ಹೊರಟೆವು. ಕಾರು ಓಡಿಸಿದವನು ಪವಿತ್ರಳ ಗಂಡ. ಒಳ್ಳೆಯ ಹುಡುಗ, ತಾಯಿಯ ಎದುರು ಮಾತ್ರ ಬಾಯಿ ಬರುವುದಿಲ್ಲ. ಕೂಸು ನನ್ನ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಮಾನಸಿಕ ಡಾಕ್ಟರ ದವಾಖಾನೆ ಎಂದರೆ ಕೈಕಾಲು ಕಟ್ಟಿ ಹಾಕುವ ಜಾಗ ಎಂದುಕೊಂಡಿದ್ದೆ. ಹಲ್ಲಿನ ಡಾಕ್ಟರ ಅಂಗಡಿಯ ಹಾಗೆಯೇ ಇತ್ತು, ಕುರ್ಚಿ, ಟಿವಿ, ಮೀನಿನ ಗಾಜಿನ ಪೆಟ್ಟಿಗೆ. ಡಾಕ್ಟರು ಹೆಂಗಸು. ಪವಿತ್ರಳನ್ನು ಒಬ್ಬಳನ್ನೇ ಒಳಗೆ ಕೂರಿಸಿಕೊಂಡು ಬಹಳ ಹೊತ್ತು ಮಾತಾಡಿದರು. ಆಮೇಲೆ ನಮ್ಮನ್ನು ಕರೆದರು.

ಇದಕ್ಕೆ ಗೀಳು ಕಾಯಿಲೆ ಅನ್ನುತ್ತಾರೆ, ಇಂಗ್ಲಿಷಿನಲ್ಲಿ ಒಸಿಡಿ ಅನ್ನುತ್ತಾರೆ ಎಂದು ಹೇಳಿದರು. ಬೀಗಿತ್ತಿ ಕೂಡಲೇ ಅಡ್ಡ ಬಂದರು.

"ಮೊಬೈಲಿನಾಗ ನೋಡೀನ್ರಿ ನಾ. ಅದು ಸಾರಿಸಾರಿ ಕೈ ತೊಳಿಯೋ ರೋಗ ಅಲ್ಲೇನ್ರಿ? ಇಕಿ ಅಂಥಾದ್ದೇನೂ ಮಾಡಂಗಿಲ್ಲ."

"ಕೈ ತೊಳಿಯೋದು ಅದರದ್ದು ಒಂದು ರೂಪ ರೀ," ಎಂದರು ಡಾಕ್ಟರು. "ಬೀಗ ಹಾಕಿದೀನೋ ಇಲ್ವೋ ಅಂತ ತಿರುಗಿ ತಿರುಗಿ ನೋಡೋದು ಒಂದು ರೂಪ. ಇದೂ ಒಂದು. ಒಳಗೆ ಇರೋದು ಒಂದೇ. ಬೇಡದ ಯೋಚನೆ ಬರ್ತದೆ, ಭಯ ಹುಟ್ಟಿಸ್ತದೆ, ಆ ಭಯ ಇಳಿಸ್ಕಳ್ಳಾಕೆ ಏನೋ ಒಂದು ಮಾಡ್ತಾರೆ. ಒಬ್ರು ಕೈ ತೊಳಿತಾರೆ, ಈಕೆ ಚಾಕು ಬಚ್ಚಿಡ್ತಾಳೆ." ನನ್ನ ಕಡೆ ತಿರುಗಿದರು. "ಅಜ್ಜಿ, ಬಾವಿ ದಂಡೆ ಮೇಲೆ ನಿಂತಾಗ, ಬಿದ್ದುಬಿಟ್ರೆ ಅಂತ ನಿಮಗೆ ಯಾವತ್ತಾದ್ರೂ ಅನ್ಸಿದೆಯಾ?"

"ಅನ್ಸೈತ್ರಿ. ನಮ್ಮತ್ತಿ ಮುಂದ ನಿಂತಿದ್ರ, ದೂಡಿಬಿಡ್ಲೇನು ಅಂತಾನೂ ಅನ್ಸೈತಿ."

ಡಾಕ್ಟರು ನಕ್ಕರು. ಬೀಗಿತ್ತಿ ನಗಲಿಲ್ಲ.

"ಹಾಂ, ಅದೇ. ನೀವು ಅದನ್ನ ಅಲ್ಲೇ ಬಿಟ್ಟು ಕೊಡ ತುಂಬ್ಕೊಂಡು ಬಂದ್ರಿ. ಈಕೆಗೆ ಅದು ಅಂಟಿಕೊಳ್ತದೆ. ಇಂಥದ್ದು ನನ್ನ ತಲೆಯೊಳಗೆ ಬಂತಲ್ಲ, ನಾನು ಎಂಥವಳು ಅಂತ ಹೆದರ್ತಾಳೆ. ಹೆದರಿದಷ್ಟೂ ಅದು ಬರ್ತದೆ. ಮಾಡೋ ಆಸೆಯಿಂದ ಬರೋ ಯೋಚನೆ ಅಲ್ಲ ಇದು. ಮಾಡಬಾರದು ಅನ್ನೋ ಹೆದರಿಕೆಯಿಂದ ಬರೋದು. ಯಾವುದರ ಮೇಲೆ ಜೀವ ಇಟ್ಟಿರ್ತಾರೋ ಅದನ್ನೇ ಹಿಡಿತದೆ."

ಇನ್ನೂ ಹೇಳಿದರು. ಬಾಣಂತಿಯರಿಗೆ ಬೇರೆ ಥರದ ಕಾಯಿಲೆಯೂ ಬರುವುದುಂಟು. ಅದರಲ್ಲಿ ಇಲ್ಲದ ದನಿ ಕೇಳುತ್ತದೆ, ತಾನು ಅಂದುಕೊಂಡದ್ದೇ ನಿಜ ಅನಿಸುತ್ತದೆ, ಆಗ ಕೂಸನ್ನು ಬೇರೆ ಇಟ್ಟು ತಾಯಿಯನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಅದು ಇವಳಿಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲಿಕ್ಕೇ ಅಷ್ಟು ಹೊತ್ತು ಕೇಳಿದ್ದು ಎಂದರು. ಮಾತ್ರೆ ಬರೆದರು, ಹಾಲು ಕುಡಿಸುವವರಿಗೆ ಆಗುವಂಥದ್ದು. ಮಾತ್ರೆಯ ಜೊತೆಗೆ ಅಭ್ಯಾಸವೂ ಬೇಕು, ಯಾವುದರಿಂದ ಓಡುತ್ತಾಳೋ ಅದರ ಹತ್ತಿರ ಮೆಲ್ಲಗೆ ಮೆಲ್ಲಗೆ ಕೂರಬೇಕು ಎಂದರು. ನನಗೆ ಬೇಕಾಗಿದ್ದ ಮಾತು ಇನ್ನೂ ಬಂದಿರಲಿಲ್ಲ. ನಾನೇ ಕೇಳಿದೆ.

"ಕೂಸು ಇಕಿ ಕೈಯಾಗ ಇರಬೌದೇನ್ರಿ?"

"ಇರಬೌದು ಅಲ್ಲ ಅಜ್ಜಿ, ಇರಬೇಕು. ಕೂಸು ಒಯ್ದ್ರೆ, ನಾನು ಅಪಾಯದವಳು ಅನ್ನೋದು ಖರೇನೇ ಅಂತ ಈಕೆಗೆ ಗಟ್ಟಿಯಾಗ್ತದೆ. ಚಾಕು ಬಚ್ಚಿಟ್ರೂ ಅಷ್ಟೇ. ಆ ಹೊತ್ತಿಗೆ ಭಯ ಇಳಿತದೆ, ಕಾಯಿಲೆ ಬೆಳಿತದೆ."

ಬೀಗಿತ್ತಿ ಸೆರಗಿನಿಂದ ಮುಖ ಒರೆಸಿಕೊಂಡರು. ವಾಪಸು ಬರುವಾಗ ಕಾರಿನಲ್ಲಿ ಅವರೇ ಕೂಸನ್ನು ಪವಿತ್ರಳ ತೊಡೆಗೆ ಹಾಕಿದರು. ಅವಳು ತೊಡೆಯ ಕೆಳಗಿನಿಂದ ಕೈ ತೆಗೆದು ಕೂಸಿನ ಮೇಲೆ ಇಟ್ಟಳು. ನಾನು ಕಿಟಕಿಯಾಚೆ ಮೆಕ್ಕೆಜೋಳದ ಹೊಲ ನೋಡುತ್ತ ನಮ್ಮಪ್ಪನ ಗೋಣಿಚೀಲವನ್ನು ನೆನೆದೆ. ಅಪ್ಪ ಹೆಂಡತಿಯ ಮೇಲಿನ ಕರುಣೆಯಿಂದ ಈಳಿಗೆ ಹೊರಗೆ ಹಾಕಿದ, ಕಾಯಿಲೆಗೆ ಅದು ಗೊಬ್ಬರವಾಯಿತು. ಅಜ್ಜಿ ಮೊಮ್ಮಗನ ಮೇಲಿನ ಆಸೆಯಿಂದ ಕುಡುಗೋಲು ಇಟ್ಟಳು, ಕಾಯಿಲೆಗೆ ಗಾಳಿ ಎಂದು ಹೆಸರು ಬಿತ್ತು. ಯಾರನ್ನು ಬೈಯಬೇಕು? ಅವ್ವ ಒಯ್ಯಿರಿ ಅಂದದ್ದು ಮಗ ಬೇಡವಾಗಿ ಅಲ್ಲ. ತನ್ನಿಂದ ಅವನನ್ನು ಉಳಿಸಲಿಕ್ಕೆ. ಉಳಿಸುವ ಅಗತ್ಯವೇ ಇರಲಿಲ್ಲ, ಅದು ಅವಳಿಗೆ ಗೊತ್ತಾಗದೇ ಹೋಯಿತು.

ಅಭ್ಯಾಸ ಅಂದುಕೊಂಡಷ್ಟು ಸುಲಭವಾಗಲಿಲ್ಲ. ಪವಿತ್ರ ಮೊದಲು ಕೂಸು ಪಡಸಾಲೆಯಲ್ಲಿದ್ದಾಗ ಈಳಿಗೆಯ ಮುಂದೆ ಕೂತಳು, ಆಮೇಲೆ ಕೂಸು ಅಡುಗೆಮನೆಯ ಬಾಗಿಲಿಗೆ ಬಂತು. ಎಷ್ಟೋ ಸಲ ಎದ್ದು ಓಡಿದಳು. ಅತ್ತಳು. ಶಾಂತಾ ತಾನೂ ಅತ್ತಳು. ಡಾಕ್ಟರು ನಮಗೂ ಒಂದು ಕಟ್ಟಳೆ ಹಾಕಿದ್ದರು. ನಾನು ಏನೂ ಮಾಡಲ್ಲ ಅಲ್ವಾ ಎಂದು ಅವಳು ಕೇಳುತ್ತಾಳೆ, ಇಲ್ಲ ಇಲ್ಲ ಏನೂ ಮಾಡಲ್ಲ ಎಂದು ನೀವು ಹೇಳುತ್ತ ಕೂರಬೇಡಿ, ಆ ಸಮಾಧಾನವೂ ಚಾಕು ಬಚ್ಚಿಟ್ಟ ಹಾಗೆಯೇ ಎಂದಿದ್ದರು. ಉಳಿದವರಿಗೆ ಇದು ಕಠಿಣವಾಯಿತು. ನನಗೆ ಕಠಿಣವಾಗಲಿಲ್ಲ. ಸಮಾಧಾನ ಹೇಳುವುದು ನನಗೆ ಮೊದಲಿಂದ ಬರುವುದಿಲ್ಲ. ಅದಕ್ಕೇ ಅವಳ ಪಕ್ಕ ಕೂರುವ ಕೆಲಸ ನನಗೆ ಬಂತು.

ಕೂಸಿಗೆ ಕುತ್ತಿಗೆ ನಿಂತು, ಕೂರಿಸಿದರೆ ಕೂರುವಷ್ಟಾದಾಗ ಕೊಟ್ರೇಶ ನೋಡಲಿಕ್ಕೆ ಬಂದ. ಈಗ ಅವನೂ ಮುದುಕ, ಕೋಲು ಹಿಡಿಯುತ್ತಾನೆ. ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತ. ಪವಿತ್ರ ಬದನೆಕಾಯಿ ಮುಂದಿಟ್ಟುಕೊಂಡು ಈಳಿಗೆಮಣೆಯ ಮೇಲೆ ಕೂತಿದ್ದಳು. ಕೂಸು ನನ್ನ ತೊಡೆಯ ಮೇಲೆ, ಅವಳ ಪಕ್ಕದಲ್ಲೇ. ಅವಳ ಹಣೆಯಲ್ಲಿ ಬೆವರು.

"ಅಜ್ಜಿ, ನಾ ಏನೂ ಮಾಡಂಗಿಲ್ಲ ಅಲಾ?"

ಕೊಟ್ರೇಶ ಬಾಯಿ ತೆರೆದ. ನಾನು ಕೈ ಎತ್ತಿ ತಡೆದೆ.

"ಬದ್ನಿಕಾಯಿ ಕಪ್ಪಾಗ್ತೈತಿ, ಹೆಚ್ಚು," ಎಂದೆ.

ಅವಳು ನನ್ನನ್ನು ದುರುಗುಟ್ಟಿ ನೋಡಿ ಹೆಚ್ಚಿದಳು. ಹೋಳುಗಳು ಒಂದು ದಪ್ಪ, ಒಂದು ತೆಳ್ಳಗೆ. ಕೊಟ್ರೇಶ ಇದೇನು ಕಥೆ ಎಂದು ಕೇಳಿದ. ನಾನು ಹೇಳಿದೆ. ಪವಿತ್ರಳದು ಹೇಳಿದೆ, ಆಮೇಲೆ ಅವ್ವನದು ಹೇಳಿದೆ, ಕುಡುಗೋಲಿನಿಂದ ಹಿಡಿದು ಗಾಡಿಯವರೆಗೆ. ಡಾಕ್ಟರು ಅಂದದ್ದನ್ನೂ ಹೇಳಿದೆ. ಅವನು ಕೋಲಿನ ತುದಿಯಿಂದ ನೆಲದ ಮೇಲೆ ಏನೋ ಗೀಚುತ್ತ ಕೂತ.

"ನಾ ಹುಟ್ಟಿದ ಗಳಿಗಿ ಚೊಲೋ ಇರಲಿಲ್ಲ, ಅದಕ್ಕ ಕೊಟ್ರು ಅಂತ ತಿಳ್ಕಂಡಿದ್ದೆ," ಎಂದ. ಆಮೇಲೆ ಕೇಳಿದ, "ಅಕ್ಕ, ಅಕಿ ನನ್ನ ಒಂದು ಸಲನಾದ್ರೂ ಎತ್ಕಂಡಿದ್ದಳೇನು?"

"ಇಲ್ಲ," ಎಂದೆ. ಸುಳ್ಳು ಯಾಕೆ ಹೇಳಲಿ. "ಹಾಲು ಕುಡಿಸ್ಯಾಳ. ಕೈ ಸುತ್ಕಂಡು, ಅದರ ಮ್ಯಾಲೆ ಕುಂತು, ಒಂದು ಹೊತ್ತೂ ತಪ್ಪಿಸಿಲ್ಲ. ಹಿಡ್ದಾಕಿ ನಾನು. ಹೆಣ ಭಾರ ಇದ್ದಿ ನೀ."

ಅವನು ನಕ್ಕನೋ ಅತ್ತನೋ, ಟವೆಲಿನಿಂದ ಮುಖ ಮುಚ್ಚಿಕೊಂಡ, ನಾನು ನೋಡಲು ಹೋಗಲಿಲ್ಲ. ಊಟಕ್ಕೆ ಎಲ್ಲರೂ ಪಡಸಾಲೆಯಲ್ಲಿ ಕೂತೆವು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಶಾಂತಾ ಪಲ್ಯ ಭಾರಿ ಆಗಿದೆ ಎಂದಳು, ಕೊಟ್ರೇಶ ಇಂಥ ಪಲ್ಯ ತಿಂದಿರಲಿಲ್ಲ ಎಂದ. ಉಪ್ಪು ಕಡಿಮೆ ಇತ್ತು. ನಾನು ಹೇಳಿದೆ.

ಪವಿತ್ರ ಗೊಣಗುತ್ತ ಎದ್ದು ಅಡುಗೆಮನೆಗೆ ಹೋದಳು, ಈಳಿಗೆ ದಾಟಿಕೊಂಡು ಉಪ್ಪಿನ ಡಬ್ಬಿ ತಂದಳು. ಹೋಗುವಾಗಲೂ ಬರುವಾಗಲೂ ಕೂಸು ಅವಳ ಕಂಕುಳಲ್ಲಿತ್ತು.